ಮಾಡು ಬಿಚ್ಚಿದರೂ ಟಿವಿ ನಿಲ್ಲಲಿಲ್ಲ: ಡಿಶ್ ಇಳಿಸಿ ಏರಿಸಿದ ನನ್ನ ಅನುಭವ

ನಮ್ಮ ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಹಂಚಿನ ಮಾಡು (ಚಾವಣಿ) ಬಿಚ್ಚಿ ಶೀಟು ಹಾಕಿಸುವವರು ಈಗ ಜಾಸ್ತಿ. ಮಾಡಿನ ಮರದ ಪಕಾಸಿಗೆ ಗೆದ್ದಲು, ಹಂಚಿಗೆ ಮಂಗನ ಕಾಟ, ಹಂಚು ತಿರುವಿ ಹೊದಿಸಲು ಆಳು ಸಿಗುವುದಿಲ್ಲ. ಅಡಿಕೆ ಸುಗ್ಗಿ ಮುಗಿದು ಮಳೆ ಹಿಡಿಯುವ ತನಕ ಇದೇ ಕೆಲಸ. ಹಾಗೆ ಬಿಚ್ಚುವ ಹೆಚ್ಚಿನ ಮಾಡುಗಳ ಮೇಲೂ ಒಂದು ಡಿಶ್ ಇರುತ್ತದೆ. ಅದನ್ನು ಏನು ಮಾಡುವುದು ಅಂತ ಮೊದಲೇ ಯಾರೂ ಯೋಚಿಸುವುದಿಲ್ಲ. ಕೆಲಸ ಶುರುವಾದ ದಿನ ಯಾರೋ ನಟ್ಟು ಬಿಚ್ಚಿ ಕೊಟ್ಟಿಗೆಯ ಮೂಲೆಗೆ ಹಾಕುತ್ತಾರೆ. ಅದರ ಮೇಲೆ ರೀಪು (ಹಂಚು ಕೂರುವ ಮರದ ಪಟ್ಟಿ) ಬೀಳುತ್ತದೆ, ಎಲ್‌ಎನ್‌ಬಿ, ಅಂದರೆ ಡಿಶ್ಶಿನ ಎದುರು ಸಿಗ್ನಲ್ ಹಿಡಿಯುವ ಡಬ್ಬಿ, ಅದನ್ನು ಹಿಡಿದಿರುವ ತೋಳು ಬಗ್ಗುತ್ತದೆ. ಆಮೇಲೆ ಡಿಶ್ ಕೂರಿಸುವ ನಮಗೆ ಫೋನು.

ನಾನು ಮಾಡುವುದು ಬೇರೆ. ಡಿಶ್ಶನ್ನು ಪೈಪಿನ ಸಮೇತ ಇಳಿಸಿ, ಅಂಗಳದಲ್ಲಿ ನಿಲ್ಲಿಸಿ, ಮಾಡಿನ ಕೆಲಸ ನಡೆಯುವಷ್ಟು ದಿನವೂ ಟಿವಿ ನಡೆಸುತ್ತೇನೆ. ಕೆಲಸ ಮುಗಿದ ಮೇಲೆ ಅದನ್ನೇ ಹಾಗೇ ಹೊಸ ಜಾಗಕ್ಕೆ ಏರಿಸುತ್ತೇನೆ. ಇದನ್ನು ಹೇಳಿದಾಗ ನನಗಿಂತ ಹಿರಿಯ ಫಿಟ್ಟರ್ ಒಬ್ಬರು, "ಜಾಗ ಬದಲಾದ್ರೆ ಆಂಗಲ್ ಬದಲಾಗ್ತದೆ ಮಾರಾಯ, ಸುಮ್ನೆ ಎರಡು ಸಲ ಕೆಲಸ" ಅಂದಿದ್ದರು. ಶೀಟಿನ ವೆಲ್ಡರ್ ಹೇಳಿದ್ದು, "ನೆಲದ ಮೇಲಿಟ್ರೆ ಅಡಿಕೆ ಮರ ಅಡ್ಡ ಬರಲ್ವಾ?" ಈಗ ಇಬ್ಬರೂ ತಮ್ಮ ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆಂಗಲ್ ವಿಷಯ. ಮಾಡಿನಿಂದ ಅಂಗಳಕ್ಕೆ ಬಂದರೆ ಏನೂ ಬದಲಾಗುವುದಿಲ್ಲ. ತೀರ್ಥಹಳ್ಳಿಯಿಂದ ಮಂಗಳೂರಿಗೆ ಹೋದರೂ ಎತ್ತರದ ಆಂಗಲ್ ಒಂದು ಡಿಗ್ರಿ ಬದಲಾಗದು. ಹಾಗಾದರೆ ಸಿಗ್ನಲ್ ಯಾಕೆ ಹೋಗುತ್ತದೆ? ಹಳೇ ಪೈಪು ನೆಟ್ಟಗಿರುವುದಿಲ್ಲ, ಅದಕ್ಕೆ. ಹಂಚು ಸರಿಸಿ ಪಕಾಸಿಗೆ ಕ್ಲಾಂಪ್ ಹೊಡೆದ ಪೈಪು ವರ್ಷಗಟ್ಟಲೆ ಗಾಳಿಗೆ ವಾಲಿರುತ್ತದೆ. ವಾಲಿದ ಪೈಪಿಗೆ ತಕ್ಕ ಹಾಗೆ ಡಿಶ್ ಟ್ಯೂನ್ ಆಗಿರುತ್ತದೆ. ಅದನ್ನು ನೆಟ್ಟಗಿನ ಪೈಪಿಗೆ ಹಾಕಿದರೆ ಡಿಶ್ ಬೆನ್ನಿನ ಆಂಗಲ್ ಸ್ಕೇಲ್ ಮೇಲಿನ ಗುರುತು ಸುಳ್ಳು ಹೇಳುತ್ತದೆ. 60 ಸೆಂಟಿಮೀಟರ್ ಡಿಶ್ಶಿಗೆ ಒಂದು ಡಿಗ್ರಿ ತಪ್ಪಿದರೂ ಬಿಸಿಲಲ್ಲಿ ಚಿತ್ರ ಬರುತ್ತದೆ. ಆರ್ದ್ರಾ ಮಳೆ ಹಿಡಿದ ಮೇಲೆ ಗೊತ್ತಾಗುತ್ತದೆ ಅದರ ಬಣ್ಣ.

ಅದಕ್ಕೆ ನಾನು ಡಿಶ್ಶಿನ ಸ್ಕೇಲ್ ನೋಡುವುದನ್ನೇ ಬಿಟ್ಟೆ. ಬಿಚ್ಚುವ ಮೊದಲು ನೆಟ್ಟಗಿನ ರೀಪಿನ ತುಂಡೊಂದನ್ನು ಡಿಶ್ಶಿನ ಮುಖಕ್ಕೆ, ಮೇಲಂಚಿನಿಂದ ಕೆಳಅಂಚಿಗೆ ಒತ್ತಿ ಹಿಡಿಯುತ್ತೇನೆ. ಅದರ ಮೇಲೆ ಫೋನಿಟ್ಟು ಆಂಗಲ್ ನೋಡುತ್ತೇನೆ. 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹಕ್ಕೆ, ಅಂದರೆ ಡಿಡಿ ಫ್ರೀ ಡಿಶ್ಶಿಗೆ, ನಮ್ಮ ಕಡೆ ಮುಖ ನೆಟ್ಟಗಿನಿಂದ ಹಿಂದಕ್ಕೆ 38 ಡಿಗ್ರಿ ಆಸುಪಾಸು ಮಲಗಿರುತ್ತದೆ. ಡಿಶ್ ಯಾವ ಕಂಪನಿಯದ್ದು ಅನ್ನುವುದರ ಮೇಲೆ ಒಂದೆರಡು ಡಿಗ್ರಿ ಹೆಚ್ಚುಕಮ್ಮಿ. ಬಂದ ಅಂಕಿಯನ್ನು ಡಿಶ್ ಬೆನ್ನಿಗೇ ಬರೆಯುತ್ತೇನೆ. ಬಾಕ್ಸಿನ ಸಿಗ್ನಲ್ ಪುಟದಲ್ಲಿ ಸ್ಟ್ರೆಂತ್, ಕ್ವಾಲಿಟಿ ಎಷ್ಟಿದೆ ಅಂತ ಫೋಟೋ ತೆಗೆದಿಡುತ್ತೇನೆ. ಎಲ್‌ಎನ್‌ಬಿ ಎಷ್ಟು ತಿರುಗಿದೆ ಅನ್ನುವ ಗುರುತಿಗೆ ನೇಲ್ ಪಾಲಿಶ್ ಗೆರೆ. ಮಾರ್ಕರ್ ಪೆನ್ನು ಒಂದೇ ಮಳೆಗೆ ಹೋಗುತ್ತದೆ. ನೇಲ್ ಪಾಲಿಶ್ ಎರಡು ಮಳೆಗಾಲ ಕಳೆದರೂ ಅಳಿಸಿಲ್ಲ.

ಇನ್ನು ಸ್ಟ್ಯಾಂಡು. ಇದರಲ್ಲೇ ಹೆಚ್ಚು ದುಡ್ಡು ಹೋಯಿತು. ಮೊದಲು ಪೇಂಟ್ ಬಕೆಟ್ಟಿಗೆ ಮರಳು ತುಂಬಿ ಪೈಪು ನೆಟ್ಟೆ. ಖರ್ಚಿಲ್ಲ, ಎತ್ತಲು ಸುಲಭ. ಏಪ್ರಿಲ್ ಗುಡುಗು ಮಳೆಯ ಮುಂಚೆ ಬೀಸುವ ಗಾಳಿಗೆ ಪೈಪು ಮರಳೊಳಗೇ ತಿರುಗಿತು. ಆಮೇಲೆ ಜೀಪಿನ ಹಳೇ ಟಯರಿಗೆ ಕಾಂಕ್ರೀಟ್. ಅದು ಅಲುಗಾಡಲಿಲ್ಲ, ಆದರೆ ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಲು ಇಬ್ಬರು ಆಳು, ಒಂದು ಆಟೋ. ಬಾಡಿಗೆಯಲ್ಲೇ ಸಂಪಾದನೆ ಹೋಯಿತು. ಕೊನೆಗೆ ನಿಂತದ್ದು 20 ಲೀಟರ್ ಪೇಂಟ್ ಬಕೆಟ್ಟಿಗೆ ಕಾಂಕ್ರೀಟ್. 45 ಕೆಜಿ ಸುಮಾರು ಬರುತ್ತದೆ. ಬಕೆಟ್ಟಿನ ಅಡಿಯಲ್ಲಿ ಒಂದು ಜಂಬಿಟ್ಟಿಗೆ ಕಲ್ಲು ಇಡಲೇಬೇಕು. ಸೆಗಣಿ ಸಾರಿಸಿದ ಅಂಗಳ ಒಂದು ಮಳೆ ಬಿದ್ದರೆ ಮೆತ್ತಗಾಗಿ ಬಕೆಟ್ ಒಂದು ಬದಿಗೆ ಕೂರುತ್ತದೆ.

ಕಾಂಕ್ರೀಟಿನಲ್ಲಿ ಡಿಶ್ ಪೈಪನ್ನೇ ಹೂಳಬೇಡಿ. ನಾನು ಹೂಳುವುದು ಎರಡಿಂಚಿನ ಜಿಐ ಪೈಪು, ಒಂದೂವರೆ ಅಡಿ ಮೇಲಿರುವ ಹಾಗೆ. ಡಿಶ್ಶಿನ ಒಂದೂವರೆ ಇಂಚಿನ ಪೈಪು ಅದರೊಳಗೆ ಇಳಿಯುತ್ತದೆ. ಸುತ್ತ ಸ್ವಲ್ಪ ಸಂದಿ ಉಳಿಯುತ್ತದೆ. ಆ ಸಂದಿಯೇ ಇಲ್ಲಿ ಕೆಲಸಕ್ಕೆ ಬರುವುದು. ಹೊರಪೈಪಿಗೆ ಮೇಲೆ ಮೂರು, ಕೆಳಗೆ ಮೂರು ತೂತು ಕೊರೆದು ನಟ್ಟು ವೆಲ್ಡ್ ಮಾಡಿಸಿದ್ದೇನೆ. ಆರು ಬೋಲ್ಟು ಆರು ಕಡೆಯಿಂದ ಒಳಪೈಪನ್ನು ಒತ್ತಿ ಹಿಡಿಯುತ್ತವೆ. ಅಂಗಳ ಓರೆಯಿದ್ದರೂ ಬೋಲ್ಟು ಬಿಗಿಮಾಡಿ ಸಡಿಲಮಾಡಿ ತೂಕಗುಂಡಿಗೆ ಸರಿಯಾಗಿ ಪೈಪನ್ನು ನೆಟ್ಟಗೆ ಮಾಡಬಹುದು. ಆಮೇಲೆ ಬರೆದಿಟ್ಟ ಆಂಗಲ್ಲಿಗೆ ಡಿಶ್ ಮುಖ ಕೂರಿಸಿ, ಕೆಳಗಿನ ಬೋಲ್ಟು ಸ್ವಲ್ಪ ಸಡಿಲ ಬಿಟ್ಟು, ಪೈಪಿನ ಸಮೇತ ಆಗ್ನೇಯಕ್ಕೆ ಮೆಲ್ಲಗೆ ತಿರುಗಿಸಿದರೆ ಸಾಕು. ಒಂದೇ ದಿಕ್ಕು ಹುಡುಕುವುದು ಉಳಿದಿರುತ್ತದೆ. ಚಹಾ ಕುದಿಯುವಷ್ಟರಲ್ಲಿ ಚಿತ್ರ ಬರುತ್ತದೆ. ತಿರುಗಿಸುವಾಗ ಸಿಗ್ನಲ್ ಮೀಟರ್ ಇಲ್ಲದೆ ಪೀಕ್, ಅಂದರೆ ಸಿಗ್ನಲ್ ಅತಿ ಹೆಚ್ಚು ಬರುವ ಜಾಗ, ಹಿಡಿಯಲು ನನ್ನದೊಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಜೊತೆಗೆ ಕೆಲಸಕ್ಕೆ ಬಂದವರಿಗೆ ಮಾತ್ರ ತೋರಿಸಿದ್ದೇನೆ.

ಕಂಪನಿಯ ಬಾಗಿದ ಪೈಪು, ಪ್ಲೇಟು ಇದ್ದರೆ ಬಾಗಿದ ಜಾಗದ ಮೇಲಕ್ಕೆ ಕತ್ತರಿಸಿ ನೇರ ತುಂಡು ಬೆಸೆಯಬೇಕು. ಶೀಟಿನವರ ವೆಲ್ಡಿಂಗ್ ಸೆಟ್ಟು ಹೇಗೂ ಅಂಗಳದಲ್ಲೇ ಇರುತ್ತದಲ್ಲ.

ಅಡಿಕೆ ಮರದ ಮಾತು. ಫ್ರೀ ಡಿಶ್ ಉಪಗ್ರಹ ನಮಗೆ 63 ಡಿಗ್ರಿ ಎತ್ತರದಲ್ಲಿದೆ. ಆಗ್ನೇಯದ ಮರ ಎಷ್ಟು ಎತ್ತರವೋ ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ದೂರ ಇದ್ದರೆ ಸಾಕು. 60 ಅಡಿ ಮರಕ್ಕೆ 30 ಅಡಿ ದಾಟಿ, ಸೋಗೆ ಹರಡಿದ್ದಕ್ಕೆ ಇನ್ನೊಂದಿಷ್ಟು ಬಿಡಿ. 83 ಡಿಗ್ರಿಯ ಉಪಗ್ರಹ ನೋಡುವ ಡಿಶ್ (ಟಾಟಾ ಪ್ಲೇ) ಆದರೆ ಇನ್ನೂ ಸುಲಭ. ಅದು 71ರಷ್ಟು ಮೇಲಿದೆ, ಎತ್ತರದ ಮೂರನೇ ಒಂದು ಭಾಗ ದೂರ ಸಾಕು. ಅಡಿಕೆ ಒಣಗಿಸುವ ಅಂಗಳ ಇರುವ ಮನೆಯಲ್ಲಿ ಇಷ್ಟು ಜಾಗ ಸಿಗದೆ ಇರುವುದಿಲ್ಲ.

ಇದರಲ್ಲಿ ಇನ್ನೊಂದು ಪ್ರಯೋಗ ಮಾಡಿದೆ, ತುಂಬಾ ಖುಷಿ ಕೊಟ್ಟದ್ದು. ಮಾರ್ಚ್ ಮಧ್ಯದಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ಸ್ವಲ್ಪ ಹೊತ್ತು ಸಿಗ್ನಲ್ ಬೀಳುತ್ತದೆ, ನಿಮಗೆಲ್ಲ ಗೊತ್ತು. ಅದನ್ನೇ ಉಪಯೋಗಿಸಿಕೊಂಡೆ. ಆ ದಿನಗಳಲ್ಲಿ ಬೆಳಿಗ್ಗೆ 11 ದಾಟಿ ಹತ್ತು ಹದಿನೈದು ನಿಮಿಷಕ್ಕೆ ಅಂಗಳದ ಯಾವ ಜಾಗಕ್ಕೆ ನೇರ ಬಿಸಿಲು ಬೀಳುತ್ತದೋ, ಅಲ್ಲಿಂದ 93.5ಕ್ಕೆ ದಾರಿ ಖುಲ್ಲಾ. 83ಕ್ಕೆ ನಡುಹಗಲು 12ರ ಹತ್ತಿರ ನೋಡಬೇಕು. ಸುಣ್ಣದ ಪುಡಿಯಲ್ಲಿ ಗುರುತು ಹಾಕಿ ಬಂದರೆ ಮುಂದಿನ ವಾರ ಕಣ್ಣುಮುಚ್ಚಿ ಬಕೆಟ್ ಇಡಬಹುದು. ಸೆಪ್ಟೆಂಬರ್ ಕೊನೆಯಲ್ಲೂ ಹೀಗೇ ಆಗುತ್ತದೆ, ಆದರೆ ನಮ್ಮಲ್ಲಿ ಆಗ ಮೋಡ.

ಟಾರ್ಪಲ್ ವಿಷಯವೂ ಹೇಳಬೇಕು. ಹೊಸನಗರದ ಕಡೆ ಒಂದು ಮನೆಯಲ್ಲಿ ಮಾಡು ಪೂರ್ತಿ ಬಿಚ್ಚಿದ ಮೇಲೆ ಅಕಾಲದ ಮಳೆ ಬಂತು. ಅಂಗಳಕ್ಕೂ ಸೇರಿಸಿ ಪ್ಲಾಸ್ಟಿಕ್ ಟಾರ್ಪಲ್ ಕಟ್ಟಿದರು, ಡಿಶ್ ಅದರ ಅಡಿಗೆ ಬಂತು. ಟಿವಿ ನಿಲ್ಲಲಿಲ್ಲ. ಕ್ವಾಲಿಟಿ ಸ್ವಲ್ಪ ಇಳಿಯಿತು ಅಷ್ಟೆ. ಟಾರ್ಪಲ್ ಜೋತುಬಿದ್ದು ಡಿಶ್ಶಿನ ಎದುರಿಗೇ ನೀರು ನಿಂತಾಗ ಚಿತ್ರ ಹೋಯಿತು. ಅಡಿಯಿಂದ ಕೋಲಿನಲ್ಲಿ ಎತ್ತಿ ನೀರು ಚೆಲ್ಲಿದ ಕೂಡಲೇ ವಾಪಸ್ಸು ಬಂತು. ತೆಳು ಪ್ಲಾಸ್ಟಿಕ್ಕನ್ನು ಸಿಗ್ನಲ್ ದಾಟುತ್ತದೆ, ನಿಂತ ನೀರನ್ನು ದಾಟುವುದಿಲ್ಲ. ತಗಡಿನ ಶೀಟಿನ ಅಡಿಯಲ್ಲಂತೂ ಪ್ರಯತ್ನಿಸುವುದೇ ಬೇಡ. ಅದೇ ಮನೆಯ ಹಂಚಿನ ರಾಶಿಯಲ್ಲಿ ಬಾಸೆಲ್ ಮಿಷನ್, 1865 ಅಂತ ಅಚ್ಚೊತ್ತಿದ ಹಂಚುಗಳು ಸಿಕ್ಕವು. ಮಂಗಳೂರಿನ ಜೆಪ್ಪುವಿನಲ್ಲಿ ಅವರ ಹಂಚಿನ ಕಾರ್ಖಾನೆ ಶುರುವಾದ ವರ್ಷ ಅದು. ಹಂಚು ತಟ್ಟಿದರೆ ಕಂಚಿನ ಸದ್ದು. ಅವನ್ನು ಒಡೆದು ದಾರಿಗೆ ಹಾಕಬೇಡಿ ಅಂತ ಮನೆಯವರಿಗೆ ಕೈಮುಗಿದು ಹೇಳಿ ಬಂದೆ.

ದುಡ್ಡಿನ ಲೆಕ್ಕ, ನೆನಪಿದ್ದಷ್ಟು. ಕಂಪನಿಯವರನ್ನು ಕರೆಸಿದರೆ ಬಿಚ್ಚಲು ಒಂದು ಸಲ, ಕೂರಿಸಲು ಒಂದು ಸಲ, ಸಲಕ್ಕೆ 400-500. ಹೊಸ ಕೇಬಲ್ಲು, ಕನೆಕ್ಟರ್ ಅಂತ ಸೇರಿ 1,500ರ ಹತ್ತಿರ ಹೋಗುತ್ತದೆ. ನಡುವೆ ಎರಡು ಮೂರು ವಾರ ಟಿವಿ ಇಲ್ಲ, ಅದೂ ಐಪಿಎಲ್ ಹೊತ್ತಲ್ಲಿ. ನನ್ನ ಬಕೆಟ್ ಸ್ಟ್ಯಾಂಡಿಗೆ ಪೈಪು, ವೆಲ್ಡಿಂಗ್, ಸಿಮೆಂಟು ಎಲ್ಲ ಸೇರಿ 600ರ ಒಳಗೆ ಬಿದ್ದಿದೆ. ಅದೇ ಸ್ಟ್ಯಾಂಡು ಮನೆಯಿಂದ ಮನೆಗೆ ತಿರುಗುತ್ತದೆ. ನಾನು ಇಳಿಸಿ ಏರಿಸಲು 800 ತೆಗೆದುಕೊಳ್ಳುತ್ತೇನೆ. ಕೊಡಲು ಯಾರೂ ತಕರಾರು ಮಾಡಿದ್ದಿಲ್ಲ.

ಮತ್ತೆ ಏರಿಸುವಾಗ ಡಿಶ್ಶನ್ನು ಶೀಟಿಗೆ ಸ್ಕ್ರೂ ಹೊಡೆದು ಕೂರಿಸಬೇಡಿ. ಎಷ್ಟು ವಾಷರ್ ಹಾಕಿದರೂ ಎರಡನೇ ಮಳೆಗಾಲಕ್ಕೆ ಸೋರುತ್ತದೆ, ಗಾಳಿಗೆ ಶೀಟು ಅದುರಿದಷ್ಟೂ ಡಿಶ್ ಅದುರುತ್ತದೆ. ಪಕ್ಕದ ಮೂರುಮೂಲೆ ಗೋಡೆಗೆ ಇನ್ನೊಂದು ಎರಡಿಂಚಿನ ಪೈಪನ್ನು, ಅದೇ ಆರು ಬೋಲ್ಟಿನದ್ದು, ಕಬ್ಬಿಣದ ಪಟ್ಟಿಯಲ್ಲಿ ಬಿಗಿಯಿರಿ. ಮಣ್ಣಿನ ಗೋಡೆಯಾದರೆ ಫಾಸ್ಟನರ್ ನಿಲ್ಲುವುದಿಲ್ಲ, ಆಚೆಯಿಂದ ಈಚೆಗೆ ಉದ್ದ ಬೋಲ್ಟು ತೂರಿಸಿ ಒಳಗೆ ಪ್ಲೇಟು ಕೊಡಬೇಕು. ವಯಸ್ಸಾದವರೇ ಇರುವ ಮನೆಯಾದರೆ ನಾನು ಏರಿಸುವುದೇ ಇಲ್ಲ, ಅಂಗಳದ ಅಂಚಿನಲ್ಲೇ ಕಾಯಂ ಕಂಬ ಹಾಕಿಬಿಡುತ್ತೇನೆ. ಮಳೆಗಾಲದಲ್ಲಿ ಪಾಚಿ ಒರೆಸಲು ಯಾರೂ ಶೀಟು ಹತ್ತಬೇಕಾಗಿಲ್ಲ. ನೆಲದಲ್ಲಿದ್ದರೆ ಮಂಗ ಎಲ್‌ಎನ್‌ಬಿಗೆ ಜೋತಾಡುವುದಿಲ್ಲವಾ ಅಂತ ಕೇಳುತ್ತೀರಿ. ಅದಕ್ಕೂ ಒಂದು ಉಪಾಯ ಮಾಡಿಕೊಂಡಿದ್ದೇನೆ. ಇನ್ನೊಂದು ಮಳೆಗಾಲ ಕಳೆದು ಗಟ್ಟಿಯಾದ ಮೇಲೆ ಹೇಳುತ್ತೇನೆ.

ಕೇಬಲ್ಲು ಮಾತ್ರ ಹಳೆಯದನ್ನು ಮತ್ತೆ ಎಳೆಯಬೇಡಿ. ಹಂಚಿನಡಿ ಇದ್ದ ಕೇಬಲ್ಲಿಗೆ ಇಲಿ ಹಲ್ಲು ಹಾಕಿರುತ್ತದೆ, ಒಳಗಿನ ತಂತಿಯ ಹೆಣಿಗೆ ಕಪ್ಪಾಗಿರುತ್ತದೆ. ಹೊಸ ಆರ್‌ಜಿ-6 ಕೇಬಲ್ಲು ಎಳೆದು, ಗೋಡೆ ತೂರುವ ಮೊದಲು ಒಂದು ಗೇಣು ಕೆಳಗೆ ಇಳಿಬಿಟ್ಟು ಮೇಲಕ್ಕೆ ತನ್ನಿ, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಶೀಟಿನ ಅಂಚು ಕೇಬಲ್ಲನ್ನು ಕೊಯ್ಯುವ ಕಡೆ ಹಳೇ ನೀರಿನ ಪೈಪಿನ ತುಂಡು ಸೀಳಿ ತೊಡಿಸಿ.