ಸಿಇಟಿ ಅರ್ಜಿಗೆ ಮೊದಲು ಕಟ್‌ಆಫ್ ಪಟ್ಟಿ ನೋಡಿ: ನನ್ನ ಅನುಭವ

ಪಿಯುಸಿ ಆದ ಮೇಲೆ ಎಂಜಿನಿಯರಿಂಗ್, ಕೃಷಿಯಂಥ ಕೋರ್ಸು ಸೇರಲು ಬರೆಯುವ ಪ್ರವೇಶ ಪರೀಕ್ಷೆ ಸಿಇಟಿ. ಅದರ ಅರ್ಜಿ ಅಂದರೆ ಹೆಸರು, ವಿಳಾಸ, ಫೋಟೊ ಹಾಕಿ ದುಡ್ಡು ಕಟ್ಟುವ ಕೆಲಸ ಎಂದು ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಪರೀಕ್ಷೆಗೆ ಎರಡು ವರ್ಷ ಓದುವ ಮಕ್ಕಳು ಅರ್ಜಿಯನ್ನು ಮಾತ್ರ ಸೈಬರ್ ಸೆಂಟರಿನವರ ಕೈಗೆ ಕೊಟ್ಟು ಅರ್ಧ ಗಂಟೆಯಲ್ಲಿ ಮುಗಿಸಿ ಬರುತ್ತಾರೆ. 2025ರಲ್ಲಿ ನನ್ನ ತಂಗಿಯ ಅರ್ಜಿಯನ್ನು ನಾವಿಬ್ಬರೇ ಕೂತು ತುಂಬಿದೆವು. ಆಗ ನನಗೆ ಚೆನ್ನಾಗಿ ಅರ್ಥವಾದದ್ದು ಇಷ್ಟು: ರ‍್ಯಾಂಕ್ ಕೊಡುವುದು ಪರೀಕ್ಷೆ. ಆ ರ‍್ಯಾಂಕಿಗೆ ಯಾವ ಸೀಟು ಸಿಗುತ್ತದೆ ಎಂಬುದರಲ್ಲಿ ಅರ್ಜಿಯ ಕಾಲಂಗಳ ಪಾಲೂ ದೊಡ್ಡದು.

ನಾನು ಓದಿದ್ದು ಬಿಕಾಂ. ನಮ್ಮ ಮನೆಯಲ್ಲಿ ಸಿಇಟಿ ಬರೆದವರು ಯಾರೂ ಇರಲಿಲ್ಲ. ಹಾಗಾಗಿ ತಂಗಿ ದ್ವಿತೀಯ ಪಿಯುಸಿಗೆ ಬಂದ ಕೂಡಲೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ತೆಗೆದು ನೋಡಿದೆ. ಪ್ರತಿ ಕಾಲೇಜು, ಪ್ರತಿ ಕೋರ್ಸಿಗೆ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಎಂದು ಅದರಲ್ಲಿ ಇರುತ್ತದೆ. ಮೇಲೆ ಸಾಲಾಗಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂದೆಲ್ಲ ಬರೆದಿತ್ತು. ಜಿಎಂ ಅಂದರೆ ಸಾಮಾನ್ಯ ವರ್ಗ, 2ಎ ಹಿಂದುಳಿದ ವರ್ಗಗಳ ಒಂದು ಪ್ರವರ್ಗ. 2ಎಜಿ ಆ ಪ್ರವರ್ಗದ ಸಾಮಾನ್ಯ ಸೀಟು. ಕೊನೆಯ ಅಕ್ಷರ ಕೆ ಇದ್ದರೆ ಕನ್ನಡ ಮಾಧ್ಯಮ, ಆರ್ ಇದ್ದರೆ ಗ್ರಾಮೀಣ. ಒಂದೇ ಕಾಲೇಜು, ಒಂದೇ ಕೋರ್ಸು, ಆದರೆ ಕಾಲಂ ಬದಲಾದರೆ ಕೊನೆಯ ರ‍್ಯಾಂಕೂ ಬದಲಾಗುತ್ತದೆ. ಅದನ್ನು ನೋಡಿದ ಮೇಲೆ ಅರ್ಜಿಯಲ್ಲಿ ಕೇಳುವ ಪ್ರತಿ ಪ್ರಶ್ನೆ ಯಾಕಿದೆ ಎಂದು ತಾನಾಗಿ ತಿಳಿಯಿತು. ಈಗ ಯಾರೇ ಕೇಳಿದರೂ ನಾನು ಮೊದಲು ಆ ಪಟ್ಟಿ ನೋಡಿ ಅನ್ನುತ್ತೇನೆ.

ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮಕ್ಕೆ ಶೇ. 5. ಎರಡಕ್ಕೂ ಒಂದನೇ ತರಗತಿಯಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು. ಒಂದು ವರ್ಷ ಪೇಟೆಯ ಶಾಲೆಗೆ ಹೋಗಿ ಬಂದಿದ್ದರೂ ಗ್ರಾಮೀಣ ಸಿಗುವುದಿಲ್ಲ. ನನ್ನ ತಂಗಿ ಏಳನೆಯವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ, ಆಮೇಲೆ ಹೋಬಳಿಯ ಹೈಸ್ಕೂಲಿನಲ್ಲಿ ಓದಿದವಳು. ಎರಡೂ ಗ್ರಾಮ ಪಂಚಾಯಿತಿ ವ್ಯಾಪ್ತಿ, ಎರಡೂ ಕನ್ನಡ ಮಾಧ್ಯಮ. ಅಂದರೆ ಅವಳಿಗೆ ಎರಡೂ ಸಲ್ಲಬೇಕು.

ಸಲ್ಲಬೇಕು ಅಂದರೆ ಕಾಗದ ಬೇಕು. ಎರಡು ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತೆಗೆದುಕೊಂಡು ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಅವರ ಮೇಲು ಸಹಿ ಹಾಕಿಸಬೇಕು. ನಾವು ಈ ಕೆಲಸವನ್ನು ದಸರಾ ರಜೆ ಮುಗಿದ ಕೂಡಲೇ ಶುರು ಮಾಡಿದೆವು. ಊರ ಶಾಲೆಯ ಮೇಷ್ಟ್ರು ಹಳೆಯ ದಾಖಲಾತಿ ಪುಸ್ತಕ ತೆಗೆದು, "ಏನಮ್ಮಾ, ಇನ್ನೂ ಅರ್ಜಿಯೇ ಕರೆದಿಲ್ಲವಲ್ಲ" ಅಂದರು. ಆದರೂ ಖುಷಿಯಿಂದ ಬರೆದುಕೊಟ್ಟರು. ಜನವರಿಯಲ್ಲಿ ಅರ್ಜಿ ಶುರುವಾದ ಮೇಲೆ ಬಿಇಒ ಕಚೇರಿಗಳ ಮುಂದೆ ಜನ ಜಾಸ್ತಿ. ಮಕ್ಕಳಿಗೆ ಅದು ಪಿಯುಸಿ ಪರೀಕ್ಷೆ ಹತ್ತಿರ ಬಂದಿರುವ ಹೊತ್ತು. ಓದುವುದು ಬಿಟ್ಟು ಸಹಿಗೆ ಅಲೆಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಕ್ಟೋಬರಿನಲ್ಲೇ ಮುಗಿಸಬಹುದಾದ ಕೆಲಸ ಅಲ್ವಾ ಇದು?

ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ. ಇದರಲ್ಲಿ ಮುಖ್ಯವಾದದ್ದು ಪ್ರಮಾಣಪತ್ರದ ಮೇಲೆ ಇರುವ ಆರ್‌ಡಿ ಸಂಖ್ಯೆ. ಅರ್ಜಿಯಲ್ಲಿ ಆ ಸಂಖ್ಯೆ ಹಾಕಿದರೆ ಪ್ರಾಧಿಕಾರದವರು ಕಂದಾಯ ಇಲಾಖೆಯ ದಾಖಲೆಯ ಜೊತೆ ತಾಳೆ ನೋಡುತ್ತಾರೆ. ನಾವು 2ಎ. ನಮ್ಮಂಥವರ ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ಹೈಸ್ಕೂಲಿನಲ್ಲಿ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಇದೆ ಎಂದು ಸುಮ್ನೆ ಕೂರಬೇಡಿ, ಅದರ ಮೇಲಿನ ದಿನಾಂಕ ನೋಡಿ. ಅದು ಅಪ್ಪನ ಹೆಸರಿನಲ್ಲಿದ್ದರೆ ಸಾಲದು, ವಿದ್ಯಾರ್ಥಿಯ ಹೆಸರಿನಲ್ಲಿರಬೇಕು. ಕೊಪ್ಪಳ, ರಾಯಚೂರು, ಬೀದರ್ ಕಡೆಯವರಿಗೆ ಇದರ ಜೊತೆ ಕಲ್ಯಾಣ ಕರ್ನಾಟಕದವರೆಂದು ತೋರಿಸುವ 371(ಜೆ) ಪ್ರಮಾಣಪತ್ರವೂ ಬೇಕು. ಅದನ್ನು ಕೊಡುವುದು ಉಪವಿಭಾಗಾಧಿಕಾರಿ, ಅಂದರೆ ಎಸಿ ಕಚೇರಿ. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಅಲ್ಲಿನ ಕಾಲೇಜುಗಳಲ್ಲಿ ಶೇ. 70, ರಾಜ್ಯದ ಉಳಿದ ಕಡೆ ಶೇ. 8 ಸೀಟು ಮೀಸಲು. ಆ ಒಂದು ಹಾಳೆಯ ಬೆಲೆ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಅದೇ ಹೆಸರು, ಅದೇ ಇನಿಷಿಯಲ್. ತಂಗಿಯ ಆಧಾರಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್. ಅದನ್ನು ಮೊದಲೇ ಸರಿಮಾಡಿಸಿದೆವು.

ಅರ್ಜಿ ತುಂಬುವ ಕೆಲಸ ಇಷ್ಟೆಲ್ಲ ಆದ ಮೇಲೆ ಹಗುರ. ಸ್ಯಾಟ್ಸ್ ಸಂಖ್ಯೆ (ಶಾಲೆಯ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಸಂಖ್ಯೆ), ಆರ್‌ಡಿ ಸಂಖ್ಯೆ, ಶಾಲೆ ಇದ್ದ ತಾಲ್ಲೂಕು ಜಿಲ್ಲೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆವು. ಯಾವ ಕ್ಲಾಜ್ ಅಡಿ ಅರ್ಹತೆ ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ 'ಎ': ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿ, ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿ ಇಲ್ಲೇ ಪಾಸಾದವರು. ಆದಾಯ 8 ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಸೀಟಿಗೂ ಹೌದು ಅನ್ನಬಹುದು. ಇದು ಬೋಧನಾ ಶುಲ್ಕ ಇಲ್ಲದ ಹೆಚ್ಚುವರಿ ಸೀಟು. ಅರ್ಜಿಯಲ್ಲಿ ಕೇಳದೇ ಬಿಟ್ಟ ಮೀಸಲಾತಿಯನ್ನು ಆಮೇಲೆ ಕೇಳಿ ಪಡೆಯುವುದು ಬಹಳ ಕಷ್ಟ. ಅದಕ್ಕೇ ಸೈಬರ್ ಸೆಂಟರಿಗೆ ಹೋದರೂ ಪಕ್ಕದಲ್ಲೇ ಕೂತು ಒಂದೊಂದು ಕಾಲಂ ಓದಿ. ಪ್ರಿಂಟ್ ತೆಗೆಸಲು ನಾವು ಹೋದ ಅಂಗಡಿಯಲ್ಲಿ ಒಬ್ಬ ಹುಡುಗನ ಅರ್ಜಿಗೆ ಅಂಗಡಿಯವರದೇ ಮೊಬೈಲ್ ಸಂಖ್ಯೆ ಹಾಕುತ್ತಿದ್ದರು. ಒಟಿಪಿ ಎಲ್ಲ ಆ ಸಂಖ್ಯೆಗೇ ಬರುತ್ತದೆ. "ತಮ್ಮಾ, ನಿಮ್ಮ ಮನೆಯ ನಂಬರ್ ಕೊಡು" ಎಂದು ಹೇಳಿ ಬದಲಾಯಿಸಿದೆ. ಶುಲ್ಕ ಕಟ್ಟಿದ ಮೇಲೆ ಬರುವ ಕೊನೆಯ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತಂಗಿಯದು ಪಿಸಿಎಂಬಿ. ನಾಲ್ಕೂ ಪತ್ರಿಕೆ ಬರೆ ಎಂದು ನಾನು ಪಟ್ಟು ಹಿಡಿದೆ. ಎಂಜಿನಿಯರಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸಾಕು. ಬಿಎಸ್ಸಿ ಕೃಷಿಗೆ ಜೀವಶಾಸ್ತ್ರವೂ ಸೇರಿ ನಾಲ್ಕೂ ಬೇಕು. ಪಶುವೈದ್ಯಕೀಯ, ಬಿಎಸ್ಸಿ ನರ್ಸಿಂಗ್ ಕೂಡ ಸಿಇಟಿಯಿಂದಲೇ. ಎಂಬಿಬಿಎಸ್‌ಗೆ ನೀಟ್ ಬರೆಯುವವರೂ ರಾಜ್ಯದ ಕೋಟಾದ ಸೀಟು ಬೇಕಾದರೆ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ನೀಟ್ ಬರೆದರೆ ಸಾಕು ಎಂದುಕೊಂಡ ಮನೆಗಳು ಇನ್ನೂ ಇವೆ.

ಪ್ರತಿ ಪತ್ರಿಕೆಯಲ್ಲಿ 60 ಪ್ರಶ್ನೆ, 60 ಅಂಕ. ಒಟ್ಟು 80 ನಿಮಿಷ, ಅದರಲ್ಲಿ ಉತ್ತರ ಬರೆಯಲು 70. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬಾರದು. ಒಎಂಆರ್ ಹಾಳೆಯ ನಕಲು ಪ್ರತಿ ಮಾಡಿಸಿ ಮನೆಯಲ್ಲಿ ಬಾಲ್‌ಪೆನ್ನಿನಿಂದಲೇ ಅಭ್ಯಾಸ ಮಾಡಿಸಿದೆ, ಪ್ರಶ್ನೆಪತ್ರಿಕೆಯ ವರ್ಷನ್ ಕೋಡ್ ತುಂಬುವುದನ್ನೂ ಸೇರಿಸಿ. 2024ರಲ್ಲಿ ಪಠ್ಯಕ್ರಮದಲ್ಲಿ ಇಲ್ಲದ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಗಿ ಬಂದಿತ್ತು. ಹಾಗಾಗಿ ಆ ವರ್ಷದ ಪತ್ರಿಕೆ ಬಿಡಿಸುವಾಗ ಪಠ್ಯಕ್ರಮ ಪಕ್ಕದಲ್ಲಿಟ್ಟುಕೊಂಡೆವು.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಆ ಮೂರು ವಿಷಯದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದರೆ 90 ಮತ್ತು 50 ಸೇರಿಸಿ ಸರಾಸರಿ 70. ಈ ಲೆಕ್ಕ ಮಾಡಿ ತೋರಿಸಿದ ದಿನ ತಂಗಿಯ ಮುಖದ ಮೇಲಿನ ಗಾಬರಿ ಇಳಿಯಿತು. ಪಿಯುಸಿ ಓದು ಬೇರೆ, ಸಿಇಟಿ ಓದು ಬೇರೆ ಎಂದು ಅವಳು ತಿಳಿದಿದ್ದಳು. ಕೃಷಿ ಕುಟುಂಬದ ಮಕ್ಕಳಿಗೆ ಕೃಷಿ ಕೋರ್ಸಿನಲ್ಲಿ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು.

ಕಾಸರಗೋಡಿನಲ್ಲಿರುವ ನಮ್ಮ ಚಿಕ್ಕಮ್ಮನ ಮಗನೂ ಅದೇ ವರ್ಷ ಅರ್ಜಿ ಹಾಕಿದ. ಗಡಿನಾಡು, ಹೊರನಾಡು ಕನ್ನಡಿಗರಾಗಿ ಅರ್ಜಿ ಹಾಕುವವರಿಗೆ 50 ಅಂಕದ ಕನ್ನಡ ಪರೀಕ್ಷೆ ಇರುತ್ತದೆ, 12 ಅಂಕ ಬಂದರೆ ಸಾಕು. ಕೇರಳದಲ್ಲಿದ್ದೂ ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಅವನು. ಆ ಪರೀಕ್ಷೆ ಅವನಿಗೆ ಭಾರವಾಗಲಿಲ್ಲ.

ಏಪ್ರಿಲ್ 16, 17ರಂದು ಪರೀಕ್ಷೆ, ಮೇ 24ಕ್ಕೆ ಫಲಿತಾಂಶ. ಆಮೇಲೆ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು. ಅಲ್ಲೂ ಅದೇ ಕಟ್‌ಆಫ್ ಪಟ್ಟಿ ಎದುರಿಗೆ ಇಟ್ಟುಕೊಂಡು, ಈ ಸಲ 2ಎಜಿ, 2ಎಕೆ, 2ಎಆರ್ ಮೂರೂ ಕಾಲಂ ಓದುತ್ತಾ ಕಾಲೇಜುಗಳನ್ನು ಸಾಲಿಗೆ ಹಾಕಿದೆವು. ಸಿಗಲಿಕ್ಕಿಲ್ಲ ಎಂದು ಅನ್ನಿಸಿದ ಕಾಲೇಜನ್ನೂ ಇಷ್ಟವಿದ್ದರೆ ಮೇಲೇ ಇಟ್ಟೆವು, ಯಾಕೆಂದರೆ ಅದರಿಂದ ಕೆಳಗಿನದಕ್ಕೆ ತೊಂದರೆ ಇಲ್ಲ. ಯಾವ ಸೀಟು ಸಿಗಬಹುದು ಎಂದು ಮೊದಲೇ ತೋರಿಸುವ ಅಣಕು ಹಂಚಿಕೆ ಬಂದ ಮೇಲೆ ಸಾಲು ಸ್ವಲ್ಪ ಬದಲಿಸಿದೆವು. ಮೊದಲ ಸುತ್ತಿನಲ್ಲಿ ಅವಳಿಗೆ ಒಂದು ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಬಂತು, 2ಎಆರ್ ಅಡಿ. "ಅಕ್ಕಾ, ಚಾಯ್ಸ್ ಎರಡು ಕೊಡೋಣವಾ?" ಎಂದಳು. ಚಾಯ್ಸ್ ಎರಡು ಅಂದರೆ ಈ ಸೀಟು ಕೈಯಲ್ಲಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನ ಆಯ್ಕೆಗೆ ಕಾಯುವುದು. ಪಟ್ಟಿಯಲ್ಲಿ ಇದಕ್ಕಿಂತ ಮೇಲಿದ್ದ ಕಾಲೇಜುಗಳನ್ನು ಇನ್ನೊಮ್ಮೆ ನೋಡಿದಳು. ಅವು ದೂರ, ಹಾಸ್ಟೆಲ್ ಖರ್ಚೂ ಜಾಸ್ತಿ. ಚಾಯ್ಸ್ ಒಂದು ಒತ್ತಿ, ಶುಲ್ಕ ಕಟ್ಟಿ, ಪ್ರವೇಶ ಪತ್ರ ಇಳಿಸಿಕೊಂಡೆವು.