ಪಾರ್ಕಿಗೆ ರಸ್ತೆ ನೀರು ಕುಡಿಸುವುದು ಹೇಗೆ?

ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕು ರಸ್ತೆಗಿಂತ ಎತ್ತರ. ಮಳೆ ಬಂದರೆ ಅದರ ನೀರೂ ರಸ್ತೆಗೇ ಇಳಿಯುತ್ತದೆ. ಇದು ಉಲ್ಟಾ ಆಗಬೇಕು, ಅಲ್ವಾ?

ಜೋರು ಮಳೆಯಲ್ಲೇ ಕೊಡೆ ಹಿಡಿದು ಹೋಗಿ, ನೀರು ಎಲ್ಲಿ ನಿಲ್ಲುತ್ತದೆ ನೋಡಿ. ಪಾಲಿಕೆಯ ಒಪ್ಪಿಗೆ ಪಡೆದು, ಅಲ್ಲಿನ ಹೂವಿನ ಪಾತಿಯನ್ನು ರಸ್ತೆಗಿಂತ ಅರ್ಧ ಅಡಿ ತಗ್ಗಿಸಿ. ರಸ್ತೆ ನೀರು ಒಳಗೆ ಹರಿಯುವಂತೆ ಅಂಚಿನ ಕಲ್ಲು ಒಂದೆರಡು ತೆಗೆಸಿ.

ತೀರಾ ತಗ್ಗಿನಲ್ಲಿ ಇಂಗುಬಾವಿ (ಮಳೆ ನೀರನ್ನು ನೆಲದೊಳಕ್ಕೆ ಇಳಿಸುವ ಬಾವಿ) ತೋಡಿಸಿ: 3 ಅಡಿ ಅಗಲ, 20 ಅಡಿ ಆಳ, ಒಳಗೆ ಸಿಮೆಂಟ್ ರಿಂಗು. ತಲೆಮಾರುಗಳಿಂದ ಬಾವಿ ತೋಡುತ್ತಾ ಬಂದ ಮಣ್ಣು ವಡ್ಡರ ಸಮುದಾಯದವರನ್ನೇ ಕರೆಯಿರಿ. ಮಣ್ಣಿನ ಗುಣ ಅವರಿಗೆ ಚೆನ್ನಾಗಿ ಗೊತ್ತು. ರಿಂಗಿನ ಸಂದಿಗೆ ಗಾರೆ ಮೆತ್ತಿಸಬೇಡಿ, ತಳಕ್ಕೂ ಕಾಂಕ್ರೀಟ್ ಬೇಡ. ನೀರು ಇಂಗುವುದೇ ಅಲ್ಲಿಂದ. ಬಾವಿಗೆ ಮುಂಚೆ ಹೂಳು ನಿಲ್ಲುವ ಸಣ್ಣ ಗುಂಡಿ ಇರಲಿ. ಚರಂಡಿ ನೀರು ಮಾತ್ರ ಖಂಡಿತ ಸೇರಬಾರದು. ಬಾಯಿಗೆ ಭದ್ರವಾದ ಮುಚ್ಚಳ ಹಾಕಿಸಿ, ಮಕ್ಕಳು ಆಡುವ ಜಾಗ.