ಗವರ್ನರ್ ಚುನಾವಣೆಗೆ ಹತ್ತಾರು ಅಭ್ಯರ್ಥಿಗಳು: ಅಮೆರಿಕದಲ್ಲಿ ಹೊಸದಾಗಿ ಓಟು ಹಾಕುವವರಿಗೆ

ಯಾರಿಗೆ ಓಟು ಹಾಕಬೇಕು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನಿಮ್ಮ ರಾಜ್ಯದಲ್ಲಿ ಗವರ್ನರ್ ಆಗಿ ಗೆಲ್ಲೋಕೆ ಎಷ್ಟು ಓಟು ಸಾಕು? ಇಬ್ಬರೇ ನಿಂತಿದ್ದರೆ ಈ ಪ್ರಶ್ನೆ ಬೇಕಾಗಿಲ್ಲ. ಆರು ಜನ, ಹತ್ತು ಜನ ಕಣದಲ್ಲಿದ್ದಾಗ ಮಾತ್ರ ಎಲ್ಲಾ ಲೆಕ್ಕ ಶುರುವಾಗುವುದೇ ಇಲ್ಲಿಂದ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. "ಅವರಿಗೆ ಹಾಕಿದರೆ ಓಟು ವೇಸ್ಟ್" ಅಂತ ವಾಟ್ಸಾಪ್‌ನಲ್ಲಿ ಬರುವ ಮಾತು ಟೆಕ್ಸಸ್‌ನಲ್ಲಿ ನಿಜ ಇರಬಹುದು, ಅಲಾಸ್ಕಾದಲ್ಲಿ ಅದಕ್ಕೆ ಅರ್ಥವೇ ಇಲ್ಲ.

ಹೊಸಬರಿಗೆ ಇನ್ನೊಂದು ಮಾತು. ಇಲ್ಲಿನ ಗವರ್ನರ್ ಅಂದರೆ ನಮ್ಮ ರಾಜಭವನದಲ್ಲಿ ಕೂರುವ ರಾಜ್ಯಪಾಲರ ಹಾಗಲ್ಲ. ಜನರೇ ನೇರವಾಗಿ ಆರಿಸುತ್ತಾರೆ, ಕೆಲಸ ಹೆಚ್ಚುಕಡಿಮೆ ಮುಖ್ಯಮಂತ್ರಿಯದು. ಬಜೆಟ್ ಮಂಡಿಸುವುದು, ಶಾಸಕರು ಪಾಸು ಮಾಡಿದ ಮಸೂದೆಗೆ ವೀಟೋ ಹಾಕುವುದು, ಶಿಕ್ಷೆಗೆ ಕ್ಷಮಾದಾನ, ಪ್ರವಾಹ-ಕಾಡ್ಗಿಚ್ಚು ಬಂದಾಗ ನ್ಯಾಷನಲ್ ಗಾರ್ಡ್ (ರಾಜ್ಯದ ಮೀಸಲು ಸೇನೆ) ಕರೆಸುವುದು, ಇಂಥವೆಲ್ಲ ಅವರ ಕೈಯಲ್ಲಿ. ಜಾಸ್ತಿ ರಾಜ್ಯಗಳಲ್ಲಿ ಬಜೆಟ್‌ನ ಒಂದೊಂದೇ ಬಾಬ್ತನ್ನು ಹೊಡೆದು ಹಾಕುವ ಅಧಿಕಾರವೂ ಇದೆ. ಅವಧಿ 4 ವರ್ಷ, ನ್ಯೂ ಹ್ಯಾಂಪ್‌ಶೈರ್ ಮತ್ತು ವರ್ಮಾಂಟ್‌ನಲ್ಲಿ ಮಾತ್ರ 2. ಅಧ್ಯಕ್ಷರ ಚುನಾವಣೆ ಇಲ್ಲದ 2022, 2026ರಂಥ ವರ್ಷಗಳಲ್ಲಿ 36 ರಾಜ್ಯಗಳು ಗವರ್ನರ್‌ರನ್ನು ಆರಿಸುತ್ತವೆ. ಅಧ್ಯಕ್ಷರ ಚುನಾವಣೆಗೆ ಸಿಗುವ ಗಮನದಲ್ಲಿ ಕಾಲು ಭಾಗವೂ ಇದಕ್ಕೆ ಸಿಗುವುದಿಲ್ಲ. ಆದರೆ ನಿಮ್ಮ ಮಕ್ಕಳ ಶಾಲೆ, ರಸ್ತೆ, ರಾಜ್ಯ ವಿಶ್ವವಿದ್ಯಾಲಯದ ಫೀಸು ಇವಕ್ಕೆಲ್ಲ ಹತ್ತಿರದ ಕುರ್ಚಿ ಇದೇ.

ಮೊದಲು ನಿಮಗೆ ಓಟು ಇದೆಯಾ ನೋಡಿ

ಪೌರತ್ವ ಇದ್ದವರಿಗೆ ಮಾತ್ರ ಓಟು. ಗ್ರೀನ್ ಕಾರ್ಡ್ ಇದ್ದರೂ ಇಲ್ಲ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಡ್ರೈವಿಂಗ್ ಲೈಸೆನ್ಸ್ ಮಾಡಿಸುವಾಗ ಫಾರ್ಮ್‌ನಲ್ಲಿ "ಮತದಾರರಾಗಿ ನೋಂದಾಯಿಸಬೇಕೇ" ಅನ್ನುವ ಚೌಕ ಇರುತ್ತದೆ, ಓದದೇ ಟಿಕ್ ಹಾಕಿಬಿಟ್ಟರೆ ಮುಂದೆ ಪೌರತ್ವದ ಅರ್ಜಿಗೇ ಕುತ್ತು ಬರಬಹುದು, ಗಡಿಪಾರಿನ ತನಕವೂ ಹೋಗಬಹುದು. ದಯವಿಟ್ಟು ಹುಷಾರು. ದೇಣಿಗೆಯ ವಿಷಯ ಬೇರೆ: ಗ್ರೀನ್ ಕಾರ್ಡ್ ಇದ್ದವರು ಸಾಮಾನ್ಯವಾಗಿ ತಮ್ಮ ಸ್ವಂತ ಹಣವನ್ನು ಅಭ್ಯರ್ಥಿಗೆ ಕೊಡಬಹುದು, ಎಚ್-1ಬಿ ವೀಸಾದಲ್ಲಿ ಇರುವವರು ಕೊಡುವ ಹಾಗಿಲ್ಲ.

ಪೌರತ್ವ ಬಂದಿದ್ದರೆ ಕೂಡಲೇ ಹೆಸರು ನೋಂದಾಯಿಸಿ. ಕೆಲವು ರಾಜ್ಯಗಳಲ್ಲಿ ತಿಂಗಳ ಮೊದಲೇ ಗಡುವು ಮುಗಿಯುತ್ತದೆ. ಮಿನ್ನೆಸೋಟದಂಥ ಕಡೆ ಚುನಾವಣೆಯ ದಿನವೇ ಮತಗಟ್ಟೆಯಲ್ಲಿ ಮಾಡಿಸಬಹುದು. ನಿಮ್ಮ ರಾಜ್ಯದ ಚುನಾವಣಾ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ ಸರಿಯಾಗಿದೆಯಾ ಅಂತ ನೋಡಿ. ಮನೆ ಬದಲಾಯಿಸಿದ್ದರೆ ಇನ್ನೊಮ್ಮೆ ನೋಡಿ.

ಪ್ರೈಮರಿ ತಪ್ಪಿಸಬೇಡಿ

ನವೆಂಬರ್‌ನ ಅಂತಿಮ ಚುನಾವಣೆಯಲ್ಲಿ ಓಟು ಹಾಕಿದರೆ ಸಾಕು ಅಂತ ತುಂಬಾ ಜನ ಸುಮ್ನೆ ಇರುತ್ತಾರೆ. ಆದರೆ ಅಭ್ಯರ್ಥಿಗಳ ಗುಂಪು ಇರುವುದೇ ಪ್ರೈಮರಿಯಲ್ಲಿ, ಅಂದರೆ ಅದಕ್ಕೆ ಮೊದಲು ನಡೆಯುವ ಆಯ್ಕೆ ಸುತ್ತಿನಲ್ಲಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನ ಮಾಡುತ್ತದೆ, ಇಲ್ಲಿ ಆ ತೀರ್ಮಾನ ಮತದಾರರದು. ಒಂದೇ ಪಕ್ಷ ಗಟ್ಟಿಯಾಗಿರುವ ರಾಜ್ಯದಲ್ಲಿ ಪ್ರೈಮರಿ ಗೆದ್ದವರು ನವೆಂಬರ್‌ನಲ್ಲೂ ಗೆಲ್ಲುವುದೇ ಜಾಸ್ತಿ. ಅಲ್ಲಿ ನಿಜವಾದ ಚುನಾವಣೆ ಅದೇ ಅಲ್ವಾ?

ಇಲ್ಲೊಂದು ತೊಡಕಿದೆ. ನ್ಯೂಯಾರ್ಕ್, ಪೆನ್ಸಿಲ್ವೇನಿಯಾ, ಫ್ಲೋರಿಡಾದಂಥ ಕಡೆ ಆ ಪಕ್ಷದವರು ಅಂತ ಮೊದಲೇ ನೋಂದಾಯಿಸಿದವರಿಗೆ ಮಾತ್ರ ಆ ಪಕ್ಷದ ಪ್ರೈಮರಿಯಲ್ಲಿ ಓಟು. "ನಾನು ಯಾವ ಪಕ್ಷಕ್ಕೂ ಸೇರಿದವನಲ್ಲ" ಅಂತ ಬರೆಸಿದ್ದರೆ ಆ ದಿನ ಗವರ್ನರ್ ಆಯ್ಕೆಯಲ್ಲಿ ನಿಮ್ಮ ಪಾಲು ಇಲ್ಲ. ಪಕ್ಷ ಬದಲಾಯಿಸುವ ಗಡುವು ಪ್ರೈಮರಿಗೆ ಎಷ್ಟೋ ಮೊದಲೇ ಮುಗಿದಿರುತ್ತದೆ. ಟೆಕ್ಸಸ್‌ನಲ್ಲಿ ಪಕ್ಷದ ನೋಂದಣಿಯೇ ಇಲ್ಲ, ಯಾವ ಪಕ್ಷದ ಬ್ಯಾಲಟ್ ಬೇಕು ಅಂತ ಅವತ್ತೇ ಕೇಳಿ ತೆಗೆದುಕೊಳ್ಳಬಹುದು. ಒಂದು ಪಕ್ಷದ ಪ್ರೈಮರಿಯಲ್ಲಿ ಹಾಕಿದರೆ ಅದರ ಎರಡನೇ ಸುತ್ತಿನಲ್ಲಿ ಇನ್ನೊಂದು ಪಕ್ಷಕ್ಕೆ ಜಿಗಿಯುವ ಹಾಗಿಲ್ಲ, ಅಷ್ಟೇ.

ಗೆಲುವಿನ ನಿಯಮ ಯಾವುದು?

ಜಾಸ್ತಿ ರಾಜ್ಯಗಳಲ್ಲಿ ನವೆಂಬರ್ ಚುನಾವಣೆಗೆ ನಮ್ಮೂರಿನದೇ ಪದ್ಧತಿ: ಎಲ್ಲರಿಗಿಂತ ಒಂದು ಓಟು ಜಾಸ್ತಿ ಬಂದರೆ ಸಾಕು, ಅರ್ಧ ದಾಟಬೇಕಾಗಿಲ್ಲ. ಮತ ಒಡೆಯುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಅದು ಇಲ್ಲೂ ಆಗುತ್ತದೆ. 2006ರಲ್ಲಿ ಟೆಕ್ಸಸ್‌ನಲ್ಲಿ ರಿಕ್ ಪೆರಿ ಗೆದ್ದಿದ್ದು ಕೇವಲ 39% ಓಟಿನಲ್ಲಿ. ಡೆಮಾಕ್ರಾಟ್ ಕ್ರಿಸ್ ಬೆಲ್‌ಗೆ ಸುಮಾರು 30, ಪಕ್ಷೇತರರಾಗಿ ನಿಂತ ಕ್ಯಾರೊಲ್ ಸ್ಟ್ರೇಹಾರ್ನ್‌ಗೆ 18, ಇನ್ನೊಬ್ಬ ಪಕ್ಷೇತರ ಕಿಂಕಿ ಫ್ರೀಡ್‌ಮನ್‌ಗೆ 12. ಹತ್ತರಲ್ಲಿ ಆರು ಜನ ಬೇಡ ಅಂದವರೇ ಗವರ್ನರ್. ಮೇನ್ ರಾಜ್ಯದಲ್ಲಿ 2010ರಲ್ಲಿ ಪಾಲ್ ಲಪಾಜ್ ಸುಮಾರು 38% ತೆಗೆದುಕೊಂಡು ಗೆದ್ದರು, ಪಕ್ಷೇತರ ಎಲಿಯಟ್ ಕಟ್ಲರ್‌ಗೆ 36, ಡೆಮಾಕ್ರಾಟ್ ಅಭ್ಯರ್ಥಿಗೆ 19.

ಹಾಗಂತ ಮೂರನೆಯವರಿಗೆ ಹಾಕಿದ ಓಟು ಯಾವಾಗಲೂ ನೀರುಪಾಲು ಅಂತಲ್ಲ. 1998ರಲ್ಲಿ ಮಿನ್ನೆಸೋಟದಲ್ಲಿ ರಿಫಾರ್ಮ್ ಪಾರ್ಟಿಯ ಜೆಸ್ಸಿ ವೆಂಚುರಾ, ಹಿಂದೆ ಕುಸ್ತಿ ಅಖಾಡದಲ್ಲಿ ಹೆಸರು ಮಾಡಿದವರು, 37% ಪಡೆದು ಎರಡೂ ದೊಡ್ಡ ಪಕ್ಷಗಳನ್ನು ಹಿಂದೆ ಹಾಕಿದರು. ಹಾಗಾಗಿ ಈ ನಿಯಮದ ರಾಜ್ಯದಲ್ಲಿ ನೀವಿದ್ದರೆ ಎರಡು ಪ್ರಶ್ನೆ ಬೇರೆ ಬೇರೆ ಕೇಳಿಕೊಳ್ಳಿ. ನನಗೆ ಯಾರು ಇಷ್ಟ? ನನಗೆ ಯಾರು ಬೇಡವೇ ಬೇಡ? ಬೇಡದವರು ಗೆಲ್ಲುವ ಸ್ಥಿತಿ ಇಲ್ಲದಿದ್ದರೆ ಇಷ್ಟದವರಿಗೇ ಹಾಕಿ. ಇದ್ದರೆ, ಅವರನ್ನು ಸೋಲಿಸುವಷ್ಟು ಬಲ ಇರುವವರು ಯಾರು ಅಂತ ನೋಡಬೇಕಾಗುತ್ತದೆ.

ಜಾರ್ಜಿಯಾ, ಮಿಸಿಸಿಪ್ಪಿ, ಲೂಯಿಸಿಯಾನಾದಲ್ಲಿ ಅರ್ಧಕ್ಕಿಂತ ಜಾಸ್ತಿ ಬರಲೇಬೇಕು. ಬರದಿದ್ದರೆ ಮೊದಲ ಇಬ್ಬರ ನಡುವೆ ಇನ್ನೊಂದು ಸುತ್ತು. ಇಂಥ ಕಡೆ ಮೊದಲ ಸುತ್ತಿನಲ್ಲಿ ಮನಸ್ಸಿಗೆ ಬಂದವರಿಗೆ ಧೈರ್ಯವಾಗಿ ಹಾಕಬಹುದು, ಆದರೆ ಎರಡನೇ ಸುತ್ತಿನ ದಿನ ಮನೆಯಲ್ಲಿ ಕೂರಬೇಡಿ.

ವರ್ಮಾಂಟ್‌ನದು ಇನ್ನೂ ಬೇರೆ. ಯಾರಿಗೂ ಅರ್ಧ ದಾಟದಿದ್ದರೆ ಶಾಸಕರು ಗುಪ್ತ ಮತದಾನದಲ್ಲಿ ಆರಿಸುತ್ತಾರೆ. 2014ರಲ್ಲಿ ಪೀಟರ್ ಶಮ್ಲಿನ್‌ಗೆ 46% ಚಿಲ್ಲರೆ ಬಂತು, ಎದುರಾಳಿ ಸ್ಕಾಟ್ ಮಿಲ್ನ್‌ಗೆ 45. ಕೊನೆಗೆ 2015ರ ಜನವರಿಯಲ್ಲಿ ಶಾಸಕರು 110-69ರಿಂದ ಶಮ್ಲಿನ್‌ರನ್ನು ಆರಿಸಿದರು.

ಕ್ಯಾಲಿಫೋರ್ನಿಯಾದವರು ಇದನ್ನು ಎರಡು ಸಲ ಓದಿ. ಅಲ್ಲಿ ಮತ್ತು ವಾಷಿಂಗ್ಟನ್ ರಾಜ್ಯದಲ್ಲಿ ಎಲ್ಲಾ ಪಕ್ಷದವರೂ ಒಂದೇ ಪ್ರೈಮರಿ ಬ್ಯಾಲಟ್‌ನಲ್ಲಿ ಇರುತ್ತಾರೆ. ಯಾವ ಪಕ್ಷವಾದರೂ ಸರಿ, ಮೊದಲ ಎರಡು ಸ್ಥಾನದವರು ನವೆಂಬರ್‌ಗೆ ಹೋಗುತ್ತಾರೆ. ಕೇಳೋಕೆ ಸರಳ. ಆದರೆ ಜನಬೆಂಬಲ ಜಾಸ್ತಿ ಇರುವ ಪಕ್ಷದಿಂದ ಏಳೆಂಟು ಜನ ನಿಂತು ಓಟು ಚೂರುಚೂರಾದರೆ, ಇನ್ನೊಂದು ಪಕ್ಷದ ಇಬ್ಬರೇ ಮೇಲೆ ಬಂದುಬಿಡಬಹುದು. ಇದು ಬರೀ ಹೆದರಿಕೆ ಅಲ್ಲ, ಆಗಿದೆ. 2012ರಲ್ಲಿ ಕ್ಯಾಲಿಫೋರ್ನಿಯಾದ 31ನೇ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಕ್ಷೇತ್ರ ಡೆಮಾಕ್ರಾಟರ ಕಡೆ ವಾಲಿದ್ದರೂ ಅವರಲ್ಲಿ ನಾಲ್ವರು ನಿಂತಿದ್ದರಿಂದ ಇಬ್ಬರು ರಿಪಬ್ಲಿಕನ್ನರೇ ಮುಂದಿನ ಸುತ್ತಿಗೆ ಹೋದರು. 2016ರಲ್ಲಿ ವಾಷಿಂಗ್ಟನ್ ರಾಜ್ಯದ ಖಜಾಂಚಿ ಹುದ್ದೆಗೂ ಹೀಗೇ ಆಯಿತು: ಮೂವರು ಡೆಮಾಕ್ರಾಟರು ಓಟು ಹಂಚಿಕೊಂಡರು, ಇಬ್ಬರು ರಿಪಬ್ಲಿಕನ್ನರು ನವೆಂಬರ್‌ಗೆ. ಇಂಥ ಪ್ರೈಮರಿಯಲ್ಲಿ ಮೊದಲ ಸ್ಥಾನದವರನ್ನು ನೋಡುತ್ತಾ ಕೂರಬೇಡಿ. ಎರಡನೆಯವರಿಗೂ ಮೂರನೆಯವರಿಗೂ ಎಷ್ಟು ಅಂತರ ಇದೆ ನೋಡಿ, ನಿಮ್ಮ ಓಟಿಗೆ ಬೆಲೆ ಇರುವುದು ಅಲ್ಲಿ.

ಅಲಾಸ್ಕಾದಲ್ಲಿ 2022ರಿಂದ ಪ್ರೈಮರಿಯಲ್ಲಿ ಮೊದಲ ನಾಲ್ವರು ಮುಂದೆ ಬರುತ್ತಾರೆ, ನವೆಂಬರ್‌ನಲ್ಲಿ ನೀವು 1, 2, 3, 4 ಅಂತ ಆದ್ಯತೆ ಕೊಡುತ್ತೀರಿ. ಯಾರೂ ಅರ್ಧ ದಾಟದಿದ್ದರೆ ಕೊನೆಯವರನ್ನು ತೆಗೆದು ಅವರ ಓಟುಗಳನ್ನು ಮುಂದಿನ ಆದ್ಯತೆಗೆ ಸೇರಿಸುತ್ತಾರೆ. ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿದವರಿಗೆ ಇದು ಗೊತ್ತಿರುವುದೇ. ಇಲ್ಲಿ ಮನಸ್ಸಿನಲ್ಲಿ ಇದ್ದ ಹಾಗೆ ಬರೆಯಿರಿ, ಲೆಕ್ಕಾಚಾರ ಬೇಡ. ಎರಡನೇ ಆದ್ಯತೆ ಕೊಟ್ಟರೆ ಮೊದಲನೆಯವರಿಗೆ ಪೆಟ್ಟು ಬೀಳುವುದಿಲ್ಲ, ಏಕೆಂದರೆ ಅವರು ಕಣದಲ್ಲಿ ಇರುವ ತನಕ ಎರಡನೆಯದನ್ನು ಯಾರೂ ನೋಡುವುದೇ ಇಲ್ಲ. ಒಂದೇ ಹೆಸರಿಗೆ 1, 2, 3 ಎಲ್ಲಾ ಕೊಡುವುದರಿಂದ ಏನೂ ಪ್ರಯೋಜನ ಇಲ್ಲ.

ಈ ನಿಯಮಗಳು ಬದಲಾಗುತ್ತಲೂ ಇರುತ್ತವೆ. ಹೋದ ಸಲ ಹೇಗಿತ್ತೋ ಈ ಸಲವೂ ಹಾಗೇ ಅಂತ ಅಂದುಕೊಳ್ಳದೇ ಪ್ರತಿ ಚುನಾವಣೆಗೂ ರಾಜ್ಯದ ವೆಬ್‌ಸೈಟ್ ನೋಡಿ.

ಸಮೀಕ್ಷೆ ಓದುವಾಗ

ಹತ್ತು ಜನ ಇರುವ ಕಣದಲ್ಲಿ ಒಬ್ಬರಿಗೆ 14%, ಇನ್ನೊಬ್ಬರಿಗೆ 11% ಅಂತ ಬಂದರೆ ಟಿವಿಯವರು "ಮುನ್ನಡೆ" ಅನ್ನುತ್ತಾರೆ. 600 ಜನರನ್ನು ಕೇಳಿದ ಸಮೀಕ್ಷೆಯಲ್ಲಿ ತಪ್ಪಿನ ಅಂದಾಜು ಸುಮಾರು 4% (ಅಂದರೆ ಅಂಕಿ ಅಷ್ಟು ಮೇಲೆ-ಕೆಳಗೆ ಆಗಬಹುದು) ಅಂತ ಕೆಳಗೆ ಸಣ್ಣದಾಗಿ ಬರೆದಿರುತ್ತಾರೆ. ಆ ಶೇಕಡಾ 3ರ ಅಂತರದ ಮೇಲೆ ಯಾವ ತೀರ್ಮಾನಕ್ಕೂ ಬರಬೇಡಿ. ಇನ್ನೂ ತೀರ್ಮಾನ ಮಾಡದವರು ಎಷ್ಟು ಅಂತ ನೋಡಿ. ಅವರೇ 30% ಇದ್ದರೆ ಪಟ್ಟಿ ತಲೆಕೆಳಗಾಗಬಹುದು. ಸಮೀಕ್ಷೆಗೆ ದುಡ್ಡು ಕೊಟ್ಟವರು ಯಾರು ಅನ್ನುವುದನ್ನೂ ನೋಡಿ, ಅಭ್ಯರ್ಥಿಯೇ ಮಾಡಿಸಿದ ಸಮೀಕ್ಷೆಯಲ್ಲಿ ಅವರಿಗೆ ಅನುಕೂಲವಾದದ್ದು ಮಾತ್ರ ಹೊರಗೆ ಬರುತ್ತದೆ.

ಅಭ್ಯರ್ಥಿಗಳನ್ನು ಸೋಸುವುದು

ಮೊದಲ ಜರಡಿ: ಅವರು ಕೊಡುತ್ತಿರುವ ಭರವಸೆ ಗವರ್ನರ್ ಕೈಯಲ್ಲಿ ಇದೆಯಾ? ಗ್ರೀನ್ ಕಾರ್ಡ್ ಕ್ಯೂ ಕಡಿಮೆ ಮಾಡುತ್ತೇನೆ ಅಂದರೆ ಅದು ಅವರಿಂದ ಆಗುವುದಿಲ್ಲ, ವೀಸಾ ಎಲ್ಲಾ ಕೇಂದ್ರ ಸರ್ಕಾರದ್ದು. ಶಾಲೆಗೆ ಅನುದಾನ, ಮನೆ ಕಟ್ಟುವ ನಿಯಮ, ರಾಜ್ಯದ ತೆರಿಗೆ, ಯಾರನ್ನು ಯಾವ ಮಂಡಳಿಗೆ ನೇಮಿಸುತ್ತಾರೆ, ಇವುಗಳ ಬಗ್ಗೆ ಏನು ಹೇಳಿದ್ದಾರೆ ಅಂತ ಹುಡುಕಿ. ಎಲ್ಲರದೂ ಓದೋಕೆ ಆಗುವುದಿಲ್ಲ. ನಿಮಗೆ ಮುಖ್ಯವಾದ ಎರಡು ವಿಷಯ ಇಟ್ಟುಕೊಂಡು ಅದರ ಮೇಲೆ ಮಾತ್ರ ಎಲ್ಲರನ್ನೂ ಹೋಲಿಸಿ, ಅರ್ಧ ಹೆಸರು ಅಲ್ಲೇ ಬಿದ್ದುಹೋಗುತ್ತದೆ. ಹಿಂದೆ ಮೇಯರ್, ಶಾಸಕ ಏನಾದರೂ ಆಗಿದ್ದರೆ ಅಲ್ಲಿ ಏನು ಮಾಡಿದರು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಿ, ಜಾಹೀರಾತಿಗೆ ಕಡಿಮೆ.

ಜಾಹೀರಾತಿನ ಬಗ್ಗೆ ನಿಜಕ್ಕೂ ಎಚ್ಚರ ಇರಲಿ. ಮನೆಗೆ ಬರುವ ಬಣ್ಣದ ಕರಪತ್ರದ ತುದಿಯಲ್ಲಿ ದುಡ್ಡು ಕೊಟ್ಟ ಸಮಿತಿಯ ಹೆಸರು ಇರುವೆ ಗಾತ್ರದ ಅಕ್ಷರದಲ್ಲಿ ಇರುತ್ತದೆ. ಅದನ್ನು ಮೊದಲು ಓದಿ. 2022ರಲ್ಲಿ ಇಲಿನಾಯ್ಸ್ ಮತ್ತು ಪೆನ್ಸಿಲ್ವೇನಿಯಾದಲ್ಲಿ ಡೆಮಾಕ್ರಾಟರ ಹಣದಿಂದಲೇ ರಿಪಬ್ಲಿಕನ್ ಪ್ರೈಮರಿಯ ಒಬ್ಬೊಬ್ಬ ಅಭ್ಯರ್ಥಿಯ ಹೆಸರು ಮೇಲೆತ್ತುವ ಜಾಹೀರಾತುಗಳು ಬಂದವು. ನೋಡೋಕೆ ಟೀಕೆ, "ಇವರು ಅತಿಯಾದ ಸಂಪ್ರದಾಯವಾದಿ" ಅನ್ನುವ ಧಾಟಿ. ಆದರೆ ಆ ಪ್ರೈಮರಿಯ ಮತದಾರರಿಗೆ ಅದೇ ಹೊಗಳಿಕೆಯ ಹಾಗೆ ಕೇಳುತ್ತದೆ. ನವೆಂಬರ್‌ನಲ್ಲಿ ಸುಲಭವಾಗಿ ಸೋಲಿಸಬಹುದಾದ ಎದುರಾಳಿ ಸಿಗಲಿ ಅನ್ನುವ ತಂತ್ರ ಅದು. ಇದು ಮತದಾರರಿಗೆ ಮಾಡುವ ಅವಮಾನ ಅಂತ ನನಗನ್ನಿಸುತ್ತದೆ, ಯಾವ ಪಕ್ಷ ಮಾಡಿದರೂ.

ಬ್ಯಾಲಟ್ ಕೈಗೆ ಬಂದಾಗ

ಮೇಲೆ ಇರುವ ಹೆಸರು ಮುಖ್ಯವಾದದ್ದು ಅಂತ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಅಕ್ಷರಗಳನ್ನು ಚೀಟಿ ಎತ್ತಿ ಕ್ರಮ ನಿರ್ಧರಿಸುತ್ತಾರೆ, ಒಂದೊಂದು ಅಸೆಂಬ್ಲಿ ಕ್ಷೇತ್ರಕ್ಕೆ ಆ ಕ್ರಮ ಸರಿಯುತ್ತಾ ಹೋಗುತ್ತದೆ. 2003ರಲ್ಲಿ ಗವರ್ನರ್ ಗ್ರೇ ಡೇವಿಸ್‌ರನ್ನು ಅವಧಿಗೆ ಮೊದಲೇ ಕೆಳಗಿಳಿಸುವ (ರೀಕಾಲ್) ಚುನಾವಣೆಗೆ ಅಲ್ಲಿ 135 ಹೆಸರಿದ್ದವು, ಗೆದ್ದಿದ್ದು ಆರ್ನಾಲ್ಡ್ ಶ್ವಾರ್ಜ್‌ನೆಗರ್. ಅಂಥ ಪಟ್ಟಿಯಲ್ಲಿ ನಿಮ್ಮ ಅಭ್ಯರ್ಥಿ ಎಲ್ಲಿದ್ದಾರೆ ಅಂತ ಮೊದಲೇ ಸ್ಯಾಂಪಲ್ ಬ್ಯಾಲಟ್‌ನಲ್ಲಿ ಹುಡುಕಿ ಇಟ್ಟುಕೊಳ್ಳಿ.

ಹೆಸರಿನ ಪಕ್ಕದ ಅಂಡಾಕಾರವನ್ನು ಪೂರ್ತಿ ತುಂಬಿಸಿ, ಟಿಕ್ ಮಾರ್ಕ್ ಬೇಡ. ಇಬ್ಬರಿಗೆ ಗುರುತು ಹಾಕಿದರೆ ಆ ಹುದ್ದೆಯ ಓಟು ಲೆಕ್ಕಕ್ಕೆ ಬರುವುದಿಲ್ಲ. ತಪ್ಪಾದರೆ ಗೀಚಬೇಡಿ, ಹೊಸ ಬ್ಯಾಲಟ್ ಕೇಳಿ, ಕೊಡುತ್ತಾರೆ. ಕೆಲವು ರಾಜ್ಯಗಳಲ್ಲಿ ಲೆಫ್ಟಿನೆಂಟ್ ಗವರ್ನರ್‌ಗೆ (ಗವರ್ನರ್ ನಂತರದ ಹುದ್ದೆ) ಬೇರೆಯೇ ಓಟು ಇರುತ್ತದೆ, ಟೆಕ್ಸಸ್ ಮತ್ತು ಕ್ಯಾಲಿಫೋರ್ನಿಯಾ ಆ ಥರ. ಪುಟ ತಿರುಗಿಸಿ ನೋಡಿ.

ಯಾರೂ ಬೇಡ ಅನ್ನಿಸಿದರೆ? ನೆವಾಡಾದಲ್ಲಿ ನಮ್ಮ ನೋಟಾದಂಥ ಆಯ್ಕೆ ಬ್ಯಾಲಟ್‌ನಲ್ಲೇ ಇದೆ. 2014ರ ಡೆಮಾಕ್ರಾಟ್ ಗವರ್ನರ್ ಪ್ರೈಮರಿಯಲ್ಲಿ ಅದಕ್ಕೇ ಎಲ್ಲರಿಗಿಂತ ಜಾಸ್ತಿ, ಸುಮಾರು 30%, ಓಟು ಬಂತು. ಆದರೂ ಟಿಕೆಟ್ ಹೋಗಿದ್ದು ಮನುಷ್ಯರಲ್ಲಿ ಮೊದಲು ಬಂದವರಿಗೆ. ಅದು ಸಿಟ್ಟು ತೋರಿಸುವ ದಾರಿ, ಯಾರನ್ನೂ ತಡೆಯುವುದಿಲ್ಲ.

ಅಂಚೆಯಲ್ಲಿ ಹಾಕುವುದಾದರೆ ಲಕೋಟೆಯ ಮೇಲಿನ ಸಹಿ ತುಂಬಾ ಮುಖ್ಯ. ಜಾಸ್ತಿ ರಾಜ್ಯಗಳಲ್ಲಿ ಅದನ್ನು ನಿಮ್ಮ ದಾಖಲೆಯ ಸಹಿಯ ಜೊತೆ ಹೋಲಿಸುತ್ತಾರೆ. ಪೌರತ್ವಕ್ಕೆ ಇಂಗ್ಲಿಷ್‌ನಲ್ಲಿ, ಲೈಸೆನ್ಸ್‌ಗೆ ಕನ್ನಡದಲ್ಲಿ, ಹೀಗೆ ಒಂದೊಂದು ಕಡೆ ಒಂದೊಂದು ಥರ ಸಹಿ ಮಾಡುವ ಅಭ್ಯಾಸ ನಮ್ಮವರಲ್ಲಿ ಇದೆ, ಮತದಾರರ ನೋಂದಣಿಯಲ್ಲಿ ಯಾವುದಿದೆಯೋ ಅದನ್ನೇ ಹಾಕಿ. ಕೊನೆಯ ದಿನದ ತನಕ ಕಾಯಬೇಡಿ, ಡ್ರಾಪ್ ಬಾಕ್ಸ್ (ಬ್ಯಾಲಟ್ ಹಾಕುವ ಪೆಟ್ಟಿಗೆ) ಇದ್ದರೆ ಅಲ್ಲಿಗೇ ಹೋಗಿ ಹಾಕಿ.

ಫಲಿತಾಂಶ ಅವತ್ತೇ ರಾತ್ರಿ ಬರಬೇಕು ಅಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಅಂಚೆ ಮತಗಳ ಎಣಿಕೆ ವಾರಗಟ್ಟಲೆ ನಡೆಯುತ್ತದೆ, ಎರಡು-ಮೂರನೇ ಸ್ಥಾನದ ಅಂತರ ಕಡಿಮೆ ಇದ್ದರೆ ಕ್ರಮ ಬದಲಾಗಬಹುದು, ಅದರಲ್ಲಿ ಮೋಸ ಏನಿಲ್ಲ. ಆ ಸಮಯದಲ್ಲಿ ನೀವು ಮಾಡಬೇಕಾದ ಕೆಲಸ ಒಂದೇ: ಆನ್‌ಲೈನ್ ಟ್ರ್ಯಾಕಿಂಗ್‌ನಲ್ಲಿ ನಿಮ್ಮ ಬ್ಯಾಲಟ್ "ಸ್ವೀಕರಿಸಲಾಗಿದೆ" ಅಂತ ತೋರಿಸುತ್ತಿದೆಯಾ ನೋಡುವುದು. ಸಹಿ ಹೊಂದುತ್ತಿಲ್ಲ ಅಂತ ಕೌಂಟಿ (ಜಿಲ್ಲಾ) ಕಚೇರಿಯಿಂದ ಪತ್ರ ಬಂದರೆ ಜಂಕ್ ಮೇಲ್ ಅಂತ ಎಸೆಯಬೇಡಿ. ಅದರಲ್ಲಿರುವ ಫಾರ್ಮ್‌ಗೆ ಸಹಿ ಹಾಕಿ ಗಡುವಿನೊಳಗೆ ಕಳಿಸಿದರೆ ನಿಮ್ಮ ಓಟು ಎಣಿಕೆಗೆ ಸೇರುತ್ತದೆ.